ಐದು ನಿಮಿಷದ ಸರಾಸರಿ ಶಾಂತವಾಗಿದೆ, ಬಫರ್ ಮಾತ್ರ ದಿನವೂ ತುಂಬಿ ಚೆಲ್ಲುತ್ತಿದೆ

ಪ್ರಶ್ನೆ: ನಾನು ಒಂದು ಸಂಸ್ಥೆಯ ನೆಟ್‌ವರ್ಕ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಎರಡು ಕಟ್ಟಡಗಳ ನಡುವೆ 1 ಗಿಗಾಬಿಟ್ ಲಿಂಕ್ ಇದೆ. ಒಂದು ಬದಿಯಲ್ಲಿ ಸರ್ವರ್‌ಗಳು 10 ಗಿಗಾಬಿಟ್ ಪೋರ್ಟ್‌ನಿಂದ ಸ್ವಿಚ್‌ಗೆ ಸೇರಿವೆ. ಐದು ನಿಮಿಷಕ್ಕೊಮ್ಮೆ ದಾಖಲಾಗುವ ಗ್ರಾಫ್‌ನಲ್ಲಿ ಲಿಂಕ್‌ನ ಬಳಕೆ ಶೇ 45ನ್ನು ಎಂದೂ ದಾಟಿಲ್ಲ. ಬಿ.ಇ. ಓದುವಾಗ ಕಲಿತ ಎಂ/ಎಂ/1 ಸೂತ್ರ (ಪ್ಯಾಕೆಟ್‌ಗಳು ಮನಬಂದಂತೆ ಬಂದು ಒಂದೇ ಹೊರದಾರಿಗಾಗಿ ಕಾಯುವ ಸರತಿಯ ಸರಳ ಮಾದರಿ) ಹಾಕಿದರೆ ಪ್ಯಾಕೆಟ್ ಒಂದಕ್ಕೆ ಸರಾಸರಿ 22 ಮೈಕ್ರೊಸೆಕೆಂಡ್ ವಿಳಂಬ ಬರುತ್ತದೆ. ಆದರೂ ಸ್ವಿಚ್‌ನಲ್ಲಿ ಔಟ್‌ಪುಟ್ ಡ್ರಾಪ್ ಎಣಿಕೆ, ಅಂದರೆ ಹೊರಹೋಗಲಾಗದೆ ಬಿದ್ದುಹೋದ ಪ್ಯಾಕೆಟ್‌ಗಳ ಲೆಕ್ಕ, ದಿನವೂ ಏರುತ್ತಿದೆ. ಫೋನ್ ಕರೆಗಳಲ್ಲಿ ಧ್ವನಿ ತುಂಡಾಗುತ್ತಿದೆ ಎಂಬ ದೂರುಗಳೂ ಇವೆ. 1 ಗಿಗಾಬಿಟ್ ಲಿಂಕ್‌ನ ಆ ಪೋರ್ಟ್‌ಗೆ, ಪ್ಯಾಕೆಟ್‌ಗಳು ಸರದಿ ಕಾಯಲು, 512 ಪ್ಯಾಕೆಟ್‌ಗಳ ಬಫರ್ ಇದೆ. ಸಿದ್ಧಾಂತ ತಪ್ಪೇ, ಅಥವಾ ನಾನು ಅದನ್ನು ಬಳಸಿದ ರೀತಿ ತಪ್ಪೇ? ಸರತಿಯ ಟ್ರಾನ್ಸಿಯೆಂಟ್ ವಿಶ್ಲೇಷಣೆ ಎನ್ನುವುದು ಇಲ್ಲಿ ನೆರವಾಗುತ್ತದೆಯೇ?

ಉತ್ತರ: ನಿಮ್ಮ ಲೆಕ್ಕ ಸರಿಯಾಗಿದೆ, ಸೂತ್ರವೂ ಸರಿಯಾಗಿದೆ, ಆದರೆ ಆ ಸೂತ್ರ ಉತ್ತರಿಸುವ ಪ್ರಶ್ನೆಯೇ ಬೇರೆ, ನೀವು ಕೇಳುತ್ತಿರುವ ಪ್ರಶ್ನೆಯೇ ಬೇರೆ. 1500 ಬೈಟ್‌ಗಳ ಪ್ಯಾಕೆಟ್ ಎಂದರೆ 12,000 ಬಿಟ್. 1 ಗಿಗಾಬಿಟ್ ಲಿಂಕ್‌ನಲ್ಲಿ ಅದನ್ನು ಕಳಿಸಲು 12 ಮೈಕ್ರೊಸೆಕೆಂಡ್ ಹಿಡಿಯುತ್ತದೆ. ಲೋಡ್ 0.45 ಇದ್ದಾಗ 12ನ್ನು 0.55ರಿಂದ ಭಾಗಿಸಿದರೆ ನೀವು ಹೇಳಿದ 22 ಮೈಕ್ರೊಸೆಕೆಂಡ್ ದೊರೆಯುತ್ತದೆ. ಅದೇ ಸೂತ್ರವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದು, ಸರತಿಯಲ್ಲಿ 512 ಅಥವಾ ಅದಕ್ಕಿಂತ ಹೆಚ್ಚು ಪ್ಯಾಕೆಟ್‌ಗಳಿರುವ ಸಂಭವನೀಯತೆ ಎಷ್ಟೆಂದು ಕೇಳಿ ನೋಡಿ. ಉತ್ತರ 0.45ರ 512ನೇ ಘಾತ, ಅಂದರೆ ದಶಮಾಂಶ ಬಿಂದುವಿನ ನಂತರ 177 ಸೊನ್ನೆಗಳು ಮುಗಿದ ಮೇಲೆ ಮೊದಲ ಅಂಕಿ ಕಾಣಿಸಿಕೊಳ್ಳುವ ಸಂಖ್ಯೆ. ಯುಗಯುಗಾಂತರ ಕಾದರೂ ಬೀಳಬಾರದ ಪ್ಯಾಕೆಟ್ ನಿಮ್ಮಲ್ಲಿ ದಿನವೂ ಬೀಳುತ್ತಿದೆ. ಪ್ಯಾಕೆಟ್‌ಗಳ ಉದ್ದ ಸೂತ್ರ ಊಹಿಸುವ ಘಾತೀಯ ಹಂಚಿಕೆಯಲ್ಲಿಲ್ಲ (ಚಿಕ್ಕವು ಹೆಚ್ಚು, ಉದ್ದವಾದಂತೆ ಕಡಿಮೆ ಎಂಬ ಹಂಚಿಕೆ) ಎಂದು ಕೆಲವರು ಇಲ್ಲಿ ತಕರಾರು ತೆಗೆಯುತ್ತಾರೆ. ಎಲ್ಲ ಪ್ಯಾಕೆಟ್‌ಗಳೂ ಒಂದೇ ಅಳತೆಯವು ಎಂದು ಹಿಡಿದರೆ ಕಾಯುವ ಸಮಯ ಅರ್ಧಕ್ಕಿಳಿಯುತ್ತದೆ ಅಷ್ಟೆ, ಅದರಿಂದ ನಿಮ್ಮ ಒಗಟು ಇನ್ನಷ್ಟು ಗಟ್ಟಿಯಾಗುತ್ತದೆಯೇ ಹೊರತು ಬಿಡಿಸಿಕೊಳ್ಳುವುದಿಲ್ಲ.

ಸಂಶಯಿಸಬೇಕಾದ ಊಹೆ ಇನ್ನೊಂದಿದೆ, ಅದನ್ನು ತರಗತಿಯಲ್ಲಿ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಸಾಗಿಬಿಡುತ್ತೇವೆ: ಲೋಡ್ ಕಾಲದೊಂದಿಗೆ ಬದಲಾಗುವುದಿಲ್ಲ, ಮತ್ತು ಸರತಿಯು ತಾನು ಎಲ್ಲಿಂದ ಹೊರಟೆನೆಂಬುದನ್ನು ಮರೆಯುವಷ್ಟು ಹೊತ್ತು ಆ ಲೋಡ್ ಹಾಗೆಯೇ ಇದ್ದಿದೆ. ಇದನ್ನೇ ಸ್ಥಿರಸ್ಥಿತಿ ಎನ್ನುತ್ತೇವೆ. ಸರತಿಯು ಆ ಸ್ಥಿತಿಗೆ ಬರುವ ಮುಂಚಿನ ಅವಧಿಯಲ್ಲಿ, ಅಥವಾ ಲೋಡ್ ಬದಲಾದಾಗ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಸಾಗುವ ಹಾದಿಯಲ್ಲಿ, ಯಾವ ಗಳಿಗೆಯಲ್ಲಿ ಸರತಿ ಎಷ್ಟುದ್ದ ಇದ್ದೀತು, ಬಫರ್ ಯಾವಾಗ ತುಂಬೀತು, ಎಷ್ಟು ಹೊತ್ತಿಗೆ ಬರಿದಾದೀತು ಎಂದು ಲೆಕ್ಕ ಹಾಕುವುದು ಟ್ರಾನ್ಸಿಯೆಂಟ್ ವಿಶ್ಲೇಷಣೆ. ನಿಮ್ಮ ಸಮಸ್ಯೆ ಪೂರ್ತಿಯಾಗಿ ಈ ಎರಡನೆಯ ಜಗತ್ತಿಗೆ ಸೇರಿದ್ದು.

ಸ್ಥಿರಸ್ಥಿತಿಯ ಸೂತ್ರಗಳು ಸೋಮಾರಿತನದಿಂದ ಹುಟ್ಟಿದವಲ್ಲ ಎಂಬುದನ್ನೂ ಹೇಳಬೇಕು. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಅಗ್ನರ್ ಕ್ರಾರುಪ್ ಎರ್ಲಾಂಗ್ 1909ರಲ್ಲಿ ದೂರವಾಣಿ ಕರೆಗಳಿಗೆ ಸಂಭವನೀಯತೆಯ ಲೆಕ್ಕವನ್ನು ಅನ್ವಯಿಸಿದರು. ಎಷ್ಟು ಕರೆಗಳಿಗೆ ಲೈನ್ ಸಿಗದೆ ಹೋಗುತ್ತದೆ ಎಂದು ಹೇಳುವ, ಇಂದಿಗೂ ಬಳಕೆಯಲ್ಲಿರುವ ಅವರ ನಷ್ಟ ಸೂತ್ರ 1917ರದು. ದೂರವಾಣಿ ವಿನಿಮಯ ಕೇಂದ್ರದಲ್ಲಿ ಅಳೆಯುತ್ತಿದ್ದದ್ದು ದಿನದ ಅತಿ ದಟ್ಟಣೆಯ ಒಂದು ಗಂಟೆಯನ್ನು. ಒಂದು ಕರೆ ಸುಮಾರು ಮೂರು ನಿಮಿಷದ್ದೆಂದು ಹಿಡಿದರೆ ಆ ಗಂಟೆಯಲ್ಲಿ ಇಪ್ಪತ್ತು ಕರೆಗಳ ಅವಧಿ ಅಡಗಿದೆ. ಲೈನ್‌ಗಳು ಧಾರಾಳವಾಗಿರುವಾಗ ಅಂಥ ವ್ಯವಸ್ಥೆ ತನ್ನ ಹಳೆಯ ಸ್ಥಿತಿಯನ್ನು ಮರೆಯಲು ಬೇಕಾಗುವ ಕಾಲ ಸರಿಸುಮಾರು ಒಂದು ಕರೆಯ ಅವಧಿಯಷ್ಟೇ. ಹೀಗಾಗಿ ಗಂಟೆಯ ಸರಾಸರಿ ಲೋಡ್ ಹಿಡಿದು ಸ್ಥಿರಸ್ಥಿತಿಯ ಸೂತ್ರ ಹಾಕಿದರೆ ಉತ್ತರ ಚೆನ್ನಾಗಿಯೇ ಹೊಂದುತ್ತಿತ್ತು. ಎರ್ಲಾಂಗ್ ಅವರ ಕಾಲದಲ್ಲಿ ಅಳತೆಯ ಗಡಿಯಾರ, ಲೋಡ್ ಬದಲಾಗುವ ಗಡಿಯಾರ ಮತ್ತು ಸರತಿಯ ಗಡಿಯಾರ ಈ ಮೂರೂ ಒಂದಕ್ಕೊಂದು ಹೊಂದಿಕೊಂಡಿದ್ದವು. ನಿಮ್ಮ ಸ್ವಿಚ್‌ನಲ್ಲಿ ಅವು ಹೊಂದುತ್ತಿಲ್ಲ.

ಆದ್ದರಿಂದ ಯಾವ ಸೂತ್ರಕ್ಕೂ ಕೈ ಹಾಕುವ ಮೊದಲು ಎರಡು ಕಾಲಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ: ಸರತಿ ನೆಲೆಗೊಳ್ಳಲು ಬೇಕಾಗುವ ಕಾಲ ಒಂದು, ಲೋಡ್ ಬದಲಾಗದೆ ನಿಲ್ಲುವ ಕಾಲ ಇನ್ನೊಂದು. ಎಂ/ಎಂ/1 ಸರತಿಗೆ ಮೊದಲನೆಯದು ಸುಲಭವಾಗಿ ಸಿಗುತ್ತದೆ. ಲೋಡ್‌ನ ವರ್ಗಮೂಲವನ್ನು 1ರಿಂದ ಕಳೆಯಿರಿ, ಉಳಿದದ್ದನ್ನು ವರ್ಗಮಾಡಿ, ಅದರಿಂದ 1ನ್ನು ಭಾಗಿಸಿ. ಬಂದ ಸಂಖ್ಯೆಯಷ್ಟು ಪ್ಯಾಕೆಟ್‌ಗಳನ್ನು ಕಳಿಸಲು ಹಿಡಿಯುವ ಸಮಯವೇ ನೆಲೆಗೊಳ್ಳುವ ಕಾಲ. ಲೋಡ್ 0.5 ಇದ್ದರೆ ಅದು ಸುಮಾರು 12 ಪ್ಯಾಕೆಟ್‌ಗಳ ಸಮಯ, 0.8ಕ್ಕೆ 90, 0.9ಕ್ಕೆ 380, 0.95ಕ್ಕೆ 1,560, 0.99ಕ್ಕೆ 39,800. ಈ ಏರಿಕೆಯ ರೀತಿಯನ್ನು ಗಮನಿಸಿ. ಲೋಡ್ 0.9ರಿಂದ 0.99ಕ್ಕೆ ಹೋದಾಗ ವ್ಯವಸ್ಥೆಯಲ್ಲಿರುವ ಪ್ಯಾಕೆಟ್‌ಗಳ ಸರಾಸರಿ ಸಂಖ್ಯೆ 9ರಿಂದ 99ಕ್ಕೆ, ಅಂದರೆ ಹನ್ನೊಂದು ಪಟ್ಟು ಹೆಚ್ಚುತ್ತದೆ. ಆ ಸರಾಸರಿಗೆ ತಲುಪಲು ಬೇಕಾಗುವ ಕಾಲ ನೂರು ಪಟ್ಟಿಗೂ ಮಿಕ್ಕಿ ಹೆಚ್ಚುತ್ತದೆ. ಪಠ್ಯಪುಸ್ತಕದ ಸೂತ್ರ ಭಯ ಹುಟ್ಟಿಸುವ ಸಂಖ್ಯೆ ಕೊಡುವ ಜಾಗದಲ್ಲೇ ಆ ಸಂಖ್ಯೆ ನಿಜವಾಗಲು ಅತಿ ಹೆಚ್ಚು ಕಾಲ ಬೇಕು, ಅಷ್ಟು ಹೊತ್ತು ಲೋಡ್ ಹಾಗೆಯೇ ನಿಲ್ಲುವುದು ಅಪರೂಪ.

2 ಎಂಬಿಪಿಎಸ್‌ನ ಹಳೆಯ ಲೀಸ್ಡ್ ಲೈನ್ ಒಂದನ್ನು ಊಹಿಸಿಕೊಳ್ಳಿ. ಅಲ್ಲಿ ಒಂದು ಪ್ಯಾಕೆಟ್‌ಗೆ 6 ಮಿಲಿಸೆಕೆಂಡ್ ಬೇಕು, ಲೋಡ್ 0.99 ಆದರೆ ನೆಲೆಗೊಳ್ಳುವ ಕಾಲ ನಾಲ್ಕು ನಿಮಿಷ. ಐದು ನಿಮಿಷದ ಗ್ರಾಫ್‌ನಲ್ಲಿ ಒಂದು ಚುಕ್ಕೆ ಬೀಳುವ ಹೊತ್ತಿಗೆ ಸರತಿ ಇನ್ನೂ ದಾರಿಯಲ್ಲೇ ಇರುತ್ತದೆ. ನಿಮ್ಮ ಲಿಂಕ್‌ನ ಕಥೆ ಇದಕ್ಕೆ ತದ್ವಿರುದ್ಧ. ಲೋಡ್ 0.45ಕ್ಕೆ ನೆಲೆಗೊಳ್ಳುವ ಕಾಲ 9 ಪ್ಯಾಕೆಟ್‌ಗಳಷ್ಟು, ಅಂದರೆ ಸುಮಾರು 110 ಮೈಕ್ರೊಸೆಕೆಂಡ್. ಐದು ನಿಮಿಷ ಅದರ 27 ಲಕ್ಷ ಪಟ್ಟು. ನಿಮ್ಮ ಸರತಿ ಮಹಾ ಚುರುಕಾದದ್ದು, ಲೋಡ್ ಹೇಗೆ ಕುಣಿಯುತ್ತದೆಯೋ ಹಾಗೆ ಅದೂ ಒಂದು ಮಿಲಿಸೆಕೆಂಡಿನೊಳಗೆ ಕುಣಿಯುತ್ತದೆ. ಗ್ರಾಫ್ ಮಾತ್ರ ಅಂಥ ಮೂರು ಲಕ್ಷ ಮಿಲಿಸೆಕೆಂಡುಗಳನ್ನು ಕೂಡಿಸಿ, ಭಾಗಿಸಿ, ಒಂದು ಚುಕ್ಕೆ ಇಡುತ್ತದೆ.

ಆ ಒಂದು ಮಿಲಿಸೆಕೆಂಡಿನಲ್ಲಿ ಏನಾಗಬಹುದೆಂದು ನೋಡೋಣ; ಇದಕ್ಕೆ ಸಂಭವನೀಯತೆಯೂ ಬೇಕಿಲ್ಲ, ತೊಟ್ಟಿ ಮತ್ತು ನಲ್ಲಿಯ ಲೆಕ್ಕ ಸಾಕು. 512 ಪ್ಯಾಕೆಟ್‌ಗಳ ಬಫರ್ ಎಂದರೆ 61.4 ಲಕ್ಷ ಬಿಟ್. ಒಂದು ಸರ್ವರ್ 10 ಗಿಗಾಬಿಟ್ ವೇಗದಲ್ಲಿ ಸುರಿಯತೊಡಗಿದರೆ ಹೊರಗೆ ಹರಿಯುವುದು 1 ಗಿಗಾಬಿಟ್ ಮಾತ್ರ, ಮಿಕ್ಕ 9 ಗಿಗಾಬಿಟ್ ಬಫರ್‌ನಲ್ಲಿ ನಿಲ್ಲಬೇಕು. ಬಫರ್ 0.68 ಮಿಲಿಸೆಕೆಂಡಿನಲ್ಲಿ ತುಂಬುತ್ತದೆ. ನಿತ್ಯದ ಶೇ 45ರ ಸಂಚಾರವನ್ನೂ ಸೇರಿಸಿದರೆ 0.65ರಲ್ಲಿ. ಸುರಿತ ನಿಂತ ಮೇಲೆ ಅದು ಬರಿದಾಗುವುದು ಅಷ್ಟೇ ಬೇಗ ಅಲ್ಲ. ನಿತ್ಯದ ಸಂಚಾರ ಬರುತ್ತಲೇ ಇರುವುದರಿಂದ ಖಾಲಿ ಮಾಡಲು ಸಿಗುವುದು ಉಳಿದ 0.55 ಗಿಗಾಬಿಟ್ ಮಾತ್ರ, ಹಾಗಾಗಿ 11 ಮಿಲಿಸೆಕೆಂಡ್ ಹಿಡಿಯುತ್ತದೆ. ತುಂಬಲು ಬೇಕಾದುದರ ಹದಿನೇಳು ಪಟ್ಟು ಕಾಲ ಬರಿದಾಗಲು ಬೇಕು, ಮತ್ತು ಆ ಅವಧಿಯಲ್ಲಿ ಇನ್ನೊಂದು ಸುರಿತ ಬಂದರೆ ಅದಕ್ಕೆ ಸಿಗುವುದು ಅರೆತುಂಬಿದ ಬಫರ್.

ಈಗ ಆ ಸುರಿತ 10 ಮಿಲಿಸೆಕೆಂಡ್ ಮುಂದುವರಿಯಿತು ಎನ್ನಿ, ಲೆಕ್ಕ ಹಗುರವಾಗಲೆಂದು ನಿತ್ಯದ ಸಂಚಾರವನ್ನು ಬದಿಗಿಡೋಣ. ಬಂದದ್ದು 10 ಕೋಟಿ ಬಿಟ್. ಅದರಲ್ಲಿ ಒಂದು ಕೋಟಿ ಅಷ್ಟರಲ್ಲೇ ಹೊರಗೆ ಹೋಯಿತು, 61 ಲಕ್ಷ ಬಫರ್‌ನಲ್ಲಿ ಉಳಿಯಿತು, ಮಿಕ್ಕದ್ದು, ಅಂದರೆ ಶೇ 84ರಷ್ಟು, ಸುಮಾರು 7,000 ಪ್ಯಾಕೆಟ್‌ಗಳು, ಬಿದ್ದುಹೋದವು. ಗ್ರಾಫ್‌ನಲ್ಲಿ ಇದು ಎಷ್ಟು ಕಾಣುತ್ತದೆ? ಹೊರಗೆ ಹೋದ ಬಿಟ್‌ಗಳನ್ನಷ್ಟೇ ಅದು ಎಣಿಸುವುದರಿಂದ ಐದು ನಿಮಿಷದ ಬಳಕೆ ಶೇ 0.005ರಷ್ಟು ಏರುತ್ತದೆ. ಬಿದ್ದ ಪ್ಯಾಕೆಟ್‌ಗಳು ಲೋಡ್‌ನ ಲೆಕ್ಕದಲ್ಲಿ ಸೇರುವುದೇ ಇಲ್ಲ; ನಷ್ಟ ಹೆಚ್ಚಿದಷ್ಟೂ ಗ್ರಾಫ್ ನಿರಾಳವಾಗಿರುತ್ತದೆ ಎಂಬುದು ಈ ಅಳತೆಯ ವಿಚಿತ್ರ. ನಿಮ್ಮ ಡ್ರಾಪ್ ಎಣಿಕೆಗೂ ಶೇ 45ಕ್ಕೂ ಏನೂ ವೈರುಧ್ಯವಿಲ್ಲ ಎಂಬುದು ಇಲ್ಲಿಗೆ ಸ್ಪಷ್ಟವಾಗಿರಬೇಕು.

ಮೇಲೆ ಬಳಸಿದ ತೊಟ್ಟಿಯ ಲೆಕ್ಕಕ್ಕೆ ದ್ರವ ಮಾದರಿ ಎಂದು ಹೆಸರು. ಒಳಹರಿವು ಹೊರಹರಿವನ್ನು ಮೀರಿದಾಗಲೆಲ್ಲ ಇದು ಬಹಳ ನಂಬಲರ್ಹವಾದದ್ದು, ಮತ್ತು ಓವರ್‌ಲೋಡ್‌ನ ಮುಖ್ಯ ಗುಣವನ್ನು ಇದು ಬರಿಗಣ್ಣಿಗೆ ತೋರಿಸುತ್ತದೆ: ದಟ್ಟಣೆ ಕಳೆದ ಎಷ್ಟೋ ಹೊತ್ತಿನ ನಂತರವೂ ಸರತಿ ಉಳಿದಿರುತ್ತದೆ. ಹೊಸ ವರ್ಷದ ನಡುರಾತ್ರಿ ಎಸ್‌ಎಂಎಸ್ ಕಳಿಸುತ್ತಿದ್ದ ಕಾಲ ನಿಮಗೆ ನೆನಪಿರಬಹುದು; ಹಬ್ಬದ ದಿನಗಳನ್ನು ‘ಬ್ಲ್ಯಾಕ್‌ಔಟ್ ಡೇ’ ಎಂದು ಕರೆದು ಕಂಪನಿಗಳು ರಿಯಾಯಿತಿ ಪ್ಯಾಕ್‌ಗಳನ್ನು ತಡೆಹಿಡಿಯುತ್ತಿದ್ದವು. ಎಸ್‌ಎಂಎಸ್ ಕೇಂದ್ರ ಎಂದರೆ ಸಂದೇಶವನ್ನು ಇಟ್ಟುಕೊಂಡು ಮುಂದೆ ಸಾಗಿಸುವ ದೊಡ್ಡದೊಂದು ಬಫರ್. ಉದಾಹರಣೆಗೆಂದು ಅಂಥ ಕೇಂದ್ರವೊಂದು ಸೆಕೆಂಡಿಗೆ 1,000 ಸಂದೇಶ ಸಾಗಿಸಬಲ್ಲದು, ಹನ್ನೆರಡು ಗಂಟೆಯಿಂದ ಇಪ್ಪತ್ತು ನಿಮಿಷ ಸೆಕೆಂಡಿಗೆ 3,000 ಬರುತ್ತವೆ, ಆಮೇಲೆ 700ಕ್ಕೆ ಇಳಿಯುತ್ತದೆ ಎಂದು ಹಿಡಿಯೋಣ. ಹನ್ನೆರಡೂ ಇಪ್ಪತ್ತಕ್ಕೆ 24 ಲಕ್ಷ ಸಂದೇಶಗಳು ಕಾದಿರುತ್ತವೆ. ಆ ಕ್ಷಣದಲ್ಲಿ ಕಳಿಸಿದ ಸಂದೇಶ ತನ್ನ ಸರದಿಗಾಗಿ 40 ನಿಮಿಷ ಕಾಯುತ್ತದೆ, ಅದಕ್ಕಿಂತ ಹೆಚ್ಚು ಯಾರೂ ಕಾಯುವುದಿಲ್ಲ. ಆದರೆ ಸೆಕೆಂಡಿಗೆ 300ರಂತೆ ಕರಗಬೇಕಾದ ಸರತಿ ಪೂರ್ತಿ ಬರಿದಾಗಲು ಮತ್ತೆ ಎರಡು ಗಂಟೆ ಹದಿಮೂರು ನಿಮಿಷ ಬೇಕು. ಒಂದೂವರೆಗೆ ನಿದ್ದೆ ಬಾರದೆ ಎದ್ದು ಸಂದೇಶ ಕಳಿಸಿದವರೂ, ಆ ಹೊತ್ತಿನಲ್ಲಿ ಲೋಡ್ ಕೇವಲ ಶೇ 70 ಇದ್ದರೂ, ಹನ್ನೆರಡು ಗಂಟೆಯ ಗದ್ದಲದ ಬೆಲೆ ತೆರುತ್ತಾರೆ. ಸ್ಥಿರಸ್ಥಿತಿಯ ಸೂತ್ರಕ್ಕೆ ಈ ನೆನಪಿಲ್ಲ. ಶೇ 70 ಎಂದ ಕೂಡಲೇ ಅದು ಸಣ್ಣದೊಂದು ಸರತಿಯನ್ನು ಹೇಳಿ ಮುಗಿಸುತ್ತದೆ.

ದ್ರವ ಮಾದರಿಗೂ ಒಂದು ಕುರುಡುತನವಿದೆ. ಒಳಹರಿವು ಹೊರಹರಿವಿಗೆ ಸಮನಾಗಿದ್ದರೆ ಅದರ ಪ್ರಕಾರ ಸರತಿಯೇ ಇಲ್ಲ, ಏಕೆಂದರೆ ಏರಿಳಿತ ಎಂಬುದನ್ನೇ ಅದು ಅರಿಯದು. ಬರಿದಾದ ಸರತಿಯಿಂದ ಹೊರಟು, ಲೋಡ್ ಸರಿಯಾಗಿ 1 ಇರುವಂತೆ 1,000 ಪ್ಯಾಕೆಟ್‌ಗಳ ಸಮಯ ಕಳೆಯಿತು ಎನ್ನಿ. ಸ್ಥಿರಸ್ಥಿತಿಯ ಸೂತ್ರವನ್ನು ಕೇಳಿದರೆ ಸರತಿಯ ಉದ್ದ ಅನಂತ ಎನ್ನುತ್ತದೆ. ದ್ರವ ಮಾದರಿ ಸೊನ್ನೆ ಎನ್ನುತ್ತದೆ. ನಿಜವಾದ ಸರಾಸರಿ 35ರ ಆಸುಪಾಸಿನಲ್ಲಿರುತ್ತದೆ. ಈ ಮೂರನೆಯ ಸಂಖ್ಯೆ ಕೊಡುವುದು ಡಿಫ್ಯೂಷನ್ ಮಾದರಿ. ಸರತಿಯ ಉದ್ದವನ್ನು ನೀರಿನಲ್ಲಿ ಅಲೆಯುವ ಕಣದಂತೆ ಕಂಡು, ಅದಕ್ಕೆ ಎರಡು ಗುಣಗಳನ್ನು ಕೊಡುತ್ತೇವೆ: ಒಳಹರಿವು ಹೊರಹರಿವುಗಳ ವ್ಯತ್ಯಾಸದಿಂದ ಬರುವ ಸೆಳೆತ ಒಂದು, ಅವೆರಡರ ಏರಿಳಿತಗಳು ಕೂಡಿ ಆಗುವ ಅಲೆದಾಟ ಇನ್ನೊಂದು. ಸೆಳೆತ ಕಾಲಕ್ಕೆ ಅನುಪಾತವಾಗಿ ಬೆಳೆಯುತ್ತದೆ, ಅಲೆದಾಟ ಕಾಲದ ವರ್ಗಮೂಲಕ್ಕೆ ಅನುಪಾತವಾಗಿ ಬೆಳೆಯುತ್ತದೆ. ಸೊನ್ನೆಯ ಕೆಳಗೆ ಸರತಿ ಇಳಿಯಲಾರದು, ಬಫರ್‌ನ ಮಿತಿಯ ಮೇಲೆ ಏರಲಾರದು ಎಂಬ ಎರಡು ಗೋಡೆಗಳನ್ನೂ ಸರಿಯಾಗಿ ಕಟ್ಟಬೇಕು. ಗೋಡೆಗೆ ತಾಗಿದ ಕಣ ಅಲ್ಲಿ ಸ್ವಲ್ಪ ಹೊತ್ತು ನಿಂತು ಮತ್ತೆ ಜಿಗಿಯುವಂತೆ ಮಾಡುವ ವಿಧಾನವನ್ನು ಎರೋಲ್ ಗೆಲೆನ್‌ಬೆ 1975ರಲ್ಲಿ ಕೊಟ್ಟರು, ಪೋಲೆಂಡಿನ ಟಡೆಯುಶ್ ಚಖೂರ್ಸ್ಕಿ ಅದನ್ನು ಟ್ರಾನ್ಸಿಯೆಂಟ್ ಸ್ಥಿತಿಗಳಿಗೆ ವಿಸ್ತರಿಸಿದರು. ಪ್ಯಾಕೆಟ್‌ಗಳ ಅಂತರ ಮತ್ತು ಅಳತೆಗಳು ಘಾತೀಯ ಹಂಚಿಕೆಯಲ್ಲಿ ಇಲ್ಲದಿದ್ದರೂ ಇದು ಕೆಲಸ ಮಾಡುತ್ತದೆ, ಸರಾಸರಿ ಮತ್ತು ವೇರಿಯನ್ಸ್ (ಸರಾಸರಿಯ ಸುತ್ತ ಚದುರುವಿಕೆಯ ಅಳತೆ) ಎರಡು ಗೊತ್ತಿದ್ದರೆ ಸಾಕು. ವೈಯಕ್ತಿಕವಾಗಿ ಹೇಳುವುದಾದರೆ, ನೆಟ್‌ವರ್ಕ್ ಎಂಜಿನಿಯರ್ ಒಬ್ಬರು ಟ್ರಾನ್ಸಿಯೆಂಟ್ ವಿಷಯದಲ್ಲಿ ಒಂದೇ ಒಂದು ವಿಧಾನ ಕಲಿಯುವುದಾದರೆ ದ್ರವ ಮಾದರಿಯನ್ನು ಕಲಿಯಲಿ, ಎರಡನೆಯದಕ್ಕೆ ಸಮಯವಿದ್ದರೆ ಇದನ್ನು ಕಲಿಯಲಿ ಎನ್ನುತ್ತೇನೆ.

ನಿಖರವಾದ ಉತ್ತರವೇ ಬೇಕೆನ್ನುವವರಿಗೆ ಅದೂ ಇದೆ. ಸರತಿಯಲ್ಲಿ ಇಷ್ಟೇ ಪ್ಯಾಕೆಟ್‌ಗಳಿರುವ ಸಂಭವನೀಯತೆ ಮುಂದಿನ ಕ್ಷಣದಲ್ಲಿ ಎಷ್ಟಾಗುತ್ತದೆ ಎಂಬುದನ್ನು, ಅಕ್ಕಪಕ್ಕದ ಸ್ಥಿತಿಗಳಿಂದ ಅದಕ್ಕೆ ಬರುವುದು ಮತ್ತು ಅದರಿಂದ ಹೊರಹೋಗುವುದು ಎಂಬ ಜಮಾಖರ್ಚಿನ ರೂಪದಲ್ಲಿ ಬರೆದರೆ, ಪ್ರತಿ ಸ್ಥಿತಿಗೂ ಒಂದರಂತೆ ಅವಕಲ ಸಮೀಕರಣಗಳು ಸಿಗುತ್ತವೆ. ಅವುಗಳಲ್ಲಿ ಕಾಲದ ಬದಲಾವಣೆಯನ್ನು ಸೊನ್ನೆಗೆ ಸಮನಾಗಿಸಿದಾಗ ನೀವು ಕಲಿತ ಸ್ಥಿರಸ್ಥಿತಿಯ ಸೂತ್ರ ಹುಟ್ಟುತ್ತದೆ. ಹಾಗೆ ಮಾಡದೆ ಬಿಡಿಸಿದರೆ ಪೂರ್ತಿ ಕಥೆ ಸಿಗುತ್ತದೆ. ಮಿತಿಯಿಲ್ಲದ ಬಫರ್‌ನ ಎಂ/ಎಂ/1ಕ್ಕೆ ಇದನ್ನು 1954ರಲ್ಲಿ ಲೆಡರ್‌ಮನ್ ಮತ್ತು ರಾಯ್ಟರ್ ಒಂದು ದಾರಿಯಿಂದ, ಬೈಲಿ ಇನ್ನೊಂದು ದಾರಿಯಿಂದ ಬಿಡಿಸಿದರು. ಉತ್ತರದಲ್ಲಿ ಬೆಸೆಲ್ ಫಲನಗಳೆಂಬ ಉನ್ನತ ಗಣಿತದ ಫಲನಗಳ ಅನಂತ ಮೊತ್ತವೊಂದಿದೆ. ಅತ್ಯಂತ ಸರಳವಾದ ಸರತಿಗೇ ಉತ್ತರ ಇಷ್ಟು ಜಟಿಲವಾದ್ದರಿಂದ ಪಠ್ಯಕ್ರಮ ಅದನ್ನು ಬಿಟ್ಟುಬಿಟ್ಟಿತು ಎಂದು ಕಾಣುತ್ತದೆ.

ಲ್ಯಾಪ್‌ಟಾಪ್ ಇರುವ ಇಂದಿನವರಿಗೆ ಬೆಸೆಲ್ ಫಲನದ ಗೊಡವೆ ಬೇಡ. ನಿಮ್ಮ 512ರ ಬಫರ್‌ಗೆ 513 ಸ್ಥಿತಿಗಳಷ್ಟೇ ಇವೆ. ಆರ್ನೆ ಯೆನ್ಸೆನ್ 1953ರಲ್ಲಿ ಕೊಟ್ಟ, ಈಗ ಯೂನಿಫಾರ್ಮೈಸೇಷನ್ ಎಂದು ಕರೆಯುವ ಉಪಾಯದಲ್ಲಿ, ಎಲ್ಲ ಸ್ಥಿತಿಗಳಿಗೂ ಒಂದೇ ವೇಗದಲ್ಲಿ ಬಡಿಯುವ ಗಡಿಯಾರವನ್ನು ಇಟ್ಟು, ಪ್ರತಿ ಬಡಿತಕ್ಕೂ ಸರತಿ ಒಂದು ಹೆಜ್ಜೆ ಮೇಲೆ, ಒಂದು ಹೆಜ್ಜೆ ಕೆಳಗೆ ಅಥವಾ ಇದ್ದಲ್ಲೇ ಎಂದು ಲೆಕ್ಕ ಹಾಕುತ್ತೇವೆ. ನಿಗದಿತ ಕಾಲದಲ್ಲಿ ಎಷ್ಟು ಬಡಿತಗಳಾದವು ಎಂಬುದು, ಒಂದಕ್ಕೊಂದು ಸಂಬಂಧವಿಲ್ಲದ ಘಟನೆಗಳ ಎಣಿಕೆಯನ್ನು ಹೇಳುವ ಪ್ವಾಸೋನ್ ಹಂಚಿಕೆಯಿಂದ ಬರುತ್ತದೆ. ನಿಮ್ಮ ಲಿಂಕ್‌ನಲ್ಲಿ ಒಂದು ಸೆಕೆಂಡಿಗೆ ಸುಮಾರು 1.2 ಲಕ್ಷ ಬಡಿತಗಳು ಬೇಕು, ಪ್ರತಿಯೊಂದರಲ್ಲೂ 513 ಸಂಖ್ಯೆಗಳನ್ನು ತಿದ್ದಬೇಕು. ಸಾಧಾರಣ ಕಂಪ್ಯೂಟರ್‌ಗೆ ಇದು ಕ್ಷಣದ ಕೆಲಸ. ಲೋಡ್ ನಡುವೆ ಬದಲಾದರೆ ಬದಲಾದಲ್ಲಿ ಲೆಕ್ಕವನ್ನು ತುಂಡರಿಸಿ, ಹಿಂದಿನ ತುಂಡಿನ ಕೊನೆಯನ್ನು ಮುಂದಿನದರ ಮೊದಲಾಗಿ ಇಟ್ಟುಕೊಂಡು ಮುಂದುವರಿಯಬಹುದು. ಸೀಮಿತ ಬಫರ್‌ನಲ್ಲಿ ಲೋಡ್ 1 ಆದಾಗಲೂ ನೆಲೆಗೊಳ್ಳುವ ಕಾಲ ಅನಂತವಾಗದು ಎಂಬುದನ್ನೂ ಇಲ್ಲಿ ಪರೀಕ್ಷಿಸಿ ನೋಡಬಹುದು: ಅದು ಬಫರ್‌ನ ಅಳತೆಯ ವರ್ಗಕ್ಕೆ ಅನುಪಾತವಾಗಿದೆ, ನಿಮ್ಮ ಪೋರ್ಟ್‌ಗೆ ಸುಮಾರು 0.32 ಸೆಕೆಂಡ್ ಆಗುತ್ತದೆ. ಬಫರ್ ಇಮ್ಮಡಿಸಿದರೆ ಆ ಕಾಲ ನಾಲ್ಮಡಿಯಾಗುತ್ತದೆ.

ಸಿಮ್ಯುಲೇಷನ್ ಮಾಡುತ್ತೇನೆ ಎನ್ನುವವರಿಗೆ ಒಂದೇ ಎಚ್ಚರಿಕೆ. ಸ್ಥಿರಸ್ಥಿತಿಗೆ ಒಂದೇ ಒಂದು ದೀರ್ಘ ಓಟವನ್ನು ಓಡಿಸಿ ಅದರ ಉದ್ದಕ್ಕೂ ಸರಾಸರಿ ತೆಗೆಯುವುದು ಸರಿ. ಟ್ರಾನ್ಸಿಯೆಂಟ್‌ಗೆ ಅದೇ ಸ್ಥಿತಿಯಿಂದ ಹೊರಡುವ ಬೇರೆ ಬೇರೆ ಓಟಗಳು ಬೇಕು, ಸರಾಸರಿಯನ್ನು ಒಂದೇ ಗಳಿಗೆಯಲ್ಲಿ ಎಲ್ಲ ಓಟಗಳ ಅಡ್ಡಕ್ಕೆ ತೆಗೆಯಬೇಕು. ಆ ಗಳಿಗೆಯಲ್ಲಿ ಬಫರ್ ತುಂಬಿರುವ ಸಂಭವನೀಯತೆ ಹತ್ತು ಸಾವಿರಕ್ಕೆ ಒಂದು ಇದ್ದರೆ, ಅದನ್ನು ಶೇ 10ರ ದೋಷದೊಳಗೆ ಹಿಡಿಯಲು ಹತ್ತು ಲಕ್ಷ ಓಟಗಳು ಬೇಕಾಗುತ್ತವೆ. ನೂರು ಓಟ ಓಡಿಸಿ ನಷ್ಟವೇ ಇಲ್ಲ ಎಂದು ವರದಿ ಬರೆದವರನ್ನು ನಾನು ಕಂಡಿದ್ದೇನೆ.

ಇಷ್ಟು ಹೊತ್ತು ಸುರಿತದ ಅವಧಿ ನಮಗೆ ಗೊತ್ತಿದೆ ಎಂಬಂತೆ ಮಾತಾಡಿದೆ. ಅಮೆರಿಕದ ಬೆಲ್‌ಕೋರ್ ಪ್ರಯೋಗಾಲಯದ ಈಥರ್‌ನೆಟ್ ಸಂಚಾರವನ್ನು 1989ರಿಂದ 1992ರವರೆಗೆ ದಾಖಲಿಸಿ ಲೆಲ್ಯಾಂಡ್, ತಕ್ಕು, ವಿಲಿಂಜರ್ ಮತ್ತು ವಿಲ್ಸನ್ ಮಾಡಿದ ವಿಶ್ಲೇಷಣೆ ಈ ನೆಮ್ಮದಿಯನ್ನು ಕೆಡಿಸಿತು. ಮಿಲಿಸೆಕೆಂಡಿನ ಕಿಟಕಿಯಲ್ಲಿ ನೋಡಿದರೂ, ಸೆಕೆಂಡಿನ ಕಿಟಕಿಯಲ್ಲಿ ನೋಡಿದರೂ, ನಿಮಿಷಗಳ ಕಿಟಕಿಯಲ್ಲಿ ನೋಡಿದರೂ ಸಂಚಾರದ ಏರಿಳಿತ ಒಂದೇ ಬಗೆಯಾಗಿ ಕಂಡಿತು. ಕಿಟಕಿ ದೊಡ್ಡದಾದಂತೆ ಏರಿಳಿತ ಪ್ವಾಸೋನ್ ಮಾದರಿಯಲ್ಲಿ ಕರಗುವಷ್ಟು ಬೇಗ ಕರಗಲಿಲ್ಲ. ಅಂದರೆ ಲೋಡ್‌ಗೆ ಒಂದೇ ಒಂದು ಗಡಿಯಾರವಿದೆ ಎಂದು ನಂಬುವಂತಿಲ್ಲ, ಯಾವ ಕಿಟಕಿ ಬೇಕೆಂಬುದನ್ನು ಬಫರ್‌ನ ಅಳತೆಯೇ ನಿರ್ಧರಿಸಬೇಕು. ನಿಮ್ಮ ಬಫರ್ 0.65 ಮಿಲಿಸೆಕೆಂಡಿನಲ್ಲಿ ತುಂಬುವುದಾದರೆ ನಿಮಗೆ ಬೇಕಾದ ಕಿಟಕಿ ಅದಕ್ಕಿಂತ ದೊಡ್ಡದಿರಬಾರದು.

ಇನ್ನು ಟಿಸಿಪಿ, ಅಂದರೆ ಕಳಿಸಿದ್ದು ತಲುಪಿತೇ ಎಂದು ಖಚಿತಪಡಿಸಿಕೊಳ್ಳುತ್ತ ಪ್ಯಾಕೆಟ್‌ಗಳನ್ನು ಸಾಗಿಸುವ ನಿಯಮಾವಳಿ. ಅದು ನಷ್ಟ ಕಂಡ ಕೂಡಲೇ ತನ್ನ ವೇಗ ತಗ್ಗಿಸುತ್ತದಲ್ಲ, ಹಾಗಾದರೆ ಈ ಸುರಿತಗಳು ಎಲ್ಲಿಂದ ಎಂದು ನೀವು ಕೇಳಬಹುದು. ತಗ್ಗಿಸುವುದು ಸುದ್ದಿ ತಲುಪಿದ ಮೇಲೆ. 2013ರಿಂದ ಹೊಸ ಸಂಪರ್ಕವೊಂದು ಉತ್ತರಕ್ಕೆ ಕಾಯದೆ ಹತ್ತು ಪ್ಯಾಕೆಟ್‌ಗಳನ್ನು ಕಳಿಸಬಹುದು ಎಂಬ ವಾಡಿಕೆ ಬಂದಿದೆ. ನಿಮ್ಮ ಸರ್ವರ್‌ಗಳಲ್ಲಿ ಒಂದೇ ಹೊತ್ತಿಗೆ ನೂರು ಸಂಪರ್ಕಗಳು ಆರಂಭವಾದರೆ 1,000 ಪ್ಯಾಕೆಟ್‌ಗಳು 1.2 ಮಿಲಿಸೆಕೆಂಡಿನಲ್ಲಿ ಬಂದಿಳಿಯುತ್ತವೆ. ಅಷ್ಟರಲ್ಲಿ ಹೊರಹೋಗುವುದು 100, ಬಫರ್ ಹಿಡಿಯುವುದು 512, ಉಳಿದ ಸುಮಾರು 390 ಬೀಳುತ್ತವೆ. ಎಲ್ಲರೂ ನಿಯಮಕ್ಕೆ ತಕ್ಕಂತೆ ನಡೆದುಕೊಂಡೇ ಇದು ಸಂಭವಿಸುತ್ತದೆ. ಸಾಲಿನ ಕೊನೆಯ ಪ್ಯಾಕೆಟ್‌ಗಳೇ ಬಿದ್ದರೆ ಕಳಿಸಿದವರು ಗಡುವು ಮುಗಿಯುವವರೆಗೆ ಕಾಯಬೇಕು, ಲಿನಕ್ಸ್‌ನಲ್ಲಿ ಆ ಗಡುವು 200 ಮಿಲಿಸೆಕೆಂಡಿಗಿಂತ ಕಡಿಮೆ ಇರುವುದಿಲ್ಲ. ಒಂದು ಮಿಲಿಸೆಕೆಂಡಿನ ಘಟನೆ ಬಳಕೆದಾರರಿಗೆ ಇನ್ನೂರು ಮಿಲಿಸೆಕೆಂಡಿನ ಸ್ತಬ್ಧತೆಯಾಗಿ ತಲುಪುತ್ತದೆ.

ಇಲ್ಲಿ ಸರತಿ ಲೋಡ್‌ನ ಪರಿಣಾಮವಷ್ಟೇ ಆಗಿ ಉಳಿಯದೆ ಲೋಡ್‌ಗೆ ಕಾರಣವೂ ಆಗುತ್ತದೆ. ವಿಶಾಲ್ ಮಿಶ್ರಾ, ವೇಯ್-ಬೋ ಗಾಂಗ್ ಮತ್ತು ಡಾನ್ ಟೌಸ್ಲಿ 2000ದಲ್ಲಿ ಟಿಸಿಪಿಯ ವಿಂಡೊ (ಉತ್ತರಕ್ಕೆ ಕಾಯದೆ ಕಳಿಸಬಹುದಾದ ಪ್ರಮಾಣ) ಮತ್ತು ರೂಟರ್‌ನ ಸರತಿ ಎರಡನ್ನೂ ಒಂದಕ್ಕೊಂದು ಹೆಣೆದ ಅವಕಲ ಸಮೀಕರಣಗಳಾಗಿ ಬರೆದು ತೋರಿಸಿದರು. ಸುದ್ದಿ ತಲುಪುವ ವಿಳಂಬದಿಂದಾಗಿ ಸರತಿ ನೆಲೆಗೊಳ್ಳದೆ ತೂಗಾಡುವುದನ್ನು ಆ ಸಮೀಕರಣಗಳಲ್ಲಿ ಕಾಣಬಹುದು. 1993ರಲ್ಲಿ ಫ್ಲಾಯ್ಡ್ ಮತ್ತು ಜೇಕಬ್‌ಸನ್ ರೂಪಿಸಿದ ರೆಡ್ ವಿಧಾನ, ಬಫರ್ ತುಂಬುವ ಮೊದಲೇ ಕಳಿಸುವವರನ್ನು ಎಚ್ಚರಿಸಲೆಂದು, ಸರತಿಯ ಸರಾಸರಿಯನ್ನು ನೋಡಿ ಪ್ಯಾಕೆಟ್ ಬೀಳಿಸುತ್ತಿತ್ತು. ಆ ಸರಾಸರಿಯಲ್ಲಿ ಪ್ರತಿ ಹೊಸ ಅಳತೆಗೆ ಅವರು ಸೂಚಿಸಿದ ತೂಕ 0.002, ಅಂದರೆ ಸರಾಸರಿಯು ಸುಮಾರು 500 ಪ್ಯಾಕೆಟ್‌ಗಳಷ್ಟು ಹಿಂದೆ ಉಳಿಯುತ್ತದೆ. 2012ರಲ್ಲಿ ನಿಕೋಲ್ಸ್ ಮತ್ತು ಜೇಕಬ್‌ಸನ್ ಕೊಟ್ಟ ಕೊಡೆಲ್ ಎಂಬ ವಿಧಾನ ಸರಾಸರಿಯನ್ನೇ ಕೈಬಿಟ್ಟಿತು. ಕಳೆದ 100 ಮಿಲಿಸೆಕೆಂಡಿನಲ್ಲಿ ಪ್ಯಾಕೆಟ್‌ಗಳು ಕಾದ ಕನಿಷ್ಠ ಸಮಯ 5 ಮಿಲಿಸೆಕೆಂಡಿಗಿಂತ ಹೆಚ್ಚಿದೆಯೇ ಎಂದು ಮಾತ್ರ ಅದು ಕೇಳುತ್ತದೆ. ಸುರಿತದಿಂದ ಎದ್ದು ತಾನಾಗಿ ಕರಗುವ ಸರತಿಯಲ್ಲಿ ಕನಿಷ್ಠ ಸಮಯ ಸೊನ್ನೆಗೆ ಹತ್ತಿರ ಬಂದೇ ಬರುತ್ತದೆ. ಕರಗದೆ ನಿಂತ ಸರತಿಯಲ್ಲಿ ಬರುವುದಿಲ್ಲ. ಬಫರ್ ಇರುವುದು ಮೊದಲನೆಯದನ್ನು ತಡೆದುಕೊಳ್ಳಲು, ನಿವಾರಿಸಬೇಕಾದದ್ದು ಎರಡನೆಯದನ್ನು. ಟ್ರಾನ್ಸಿಯೆಂಟ್ ಚಿಂತನೆಯು ದಿನಬಳಕೆಯ ಯಂತ್ರದೊಳಗೆ ಇಳಿದ ಇಷ್ಟು ಅಚ್ಚುಕಟ್ಟಾದ ಉದಾಹರಣೆ ನನಗೆ ಬೇರೆ ಗೊತ್ತಿಲ್ಲ.

ನೀವು ಮಾಡಬೇಕಾದದ್ದಕ್ಕೆ ಬರೋಣ. ಆ ಪೋರ್ಟ್‌ಗೆ ಹೋಗುವ ಪ್ಯಾಕೆಟ್‌ಗಳನ್ನು ಮಿರರ್ ಪೋರ್ಟ್ (ಸಂಚಾರದ ಪ್ರತಿಯನ್ನು ಕೊಡುವ ಪೋರ್ಟ್) ಮೂಲಕ ಹತ್ತು ನಿಮಿಷ ಸೆರೆಹಿಡಿಯಿರಿ. ಸೆರೆಹಿಡಿಯಬೇಕಾದದ್ದು 10 ಗಿಗಾಬಿಟ್ ಬದಿಯಿಂದ ಒಳಬರುವ ಸಂಚಾರವನ್ನು. ಹೊರಹೋಗುವುದನ್ನು ಹಿಡಿದರೆ ಅದು 1 ಗಿಗಾಬಿಟ್ ಮೀರಿ ಎಂದೂ ಕಾಣುವುದಿಲ್ಲ. ಅದನ್ನು ಅರ್ಧ ಮಿಲಿಸೆಕೆಂಡಿನ ತುಂಡುಗಳಾಗಿ ಕೂಡಿಸಿ, ತೊಟ್ಟಿಯ ಲೆಕ್ಕವನ್ನು ತುಂಡು ತುಂಡಾಗಿ ಹಾಕುತ್ತ ಹೋಗಿ: ಹಿಂದಿನ ಶೇಷಕ್ಕೆ ಬಂದದ್ದನ್ನು ಕೂಡಿಸಿ, ಹೋದದ್ದನ್ನು ಕಳೆದು, ಸೊನ್ನೆಗಿಂತ ಕೆಳಗಿಳಿದರೆ ಸೊನ್ನೆ, 512 ದಾಟಿದರೆ ದಾಟಿದಷ್ಟು ನಷ್ಟ. ಸ್ಪ್ರೆಡ್‌ಶೀಟ್‌ನಲ್ಲೂ ಆಗುವ ಕೆಲಸ ಇದು. ಆ ನಷ್ಟ ಸ್ವಿಚ್‌ನ ಡ್ರಾಪ್ ಎಣಿಕೆಗೆ ಹತ್ತಿರ ಬಂದರೆ ರೋಗ ತಿಳಿಯಿತು, ಯಾವ ಸರ್ವರ್ ಯಾವ ಹೊತ್ತಿಗೆ ಸುರಿಯುತ್ತಿದೆ ಎಂಬುದೂ ಅದೇ ದಾಖಲೆಯಲ್ಲಿರುತ್ತದೆ.

ಬಫರ್ ಹೆಚ್ಚಿಸಲೇ ಎಂಬ ಪ್ರಶ್ನೆ ಖಂಡಿತ ಬರುತ್ತದೆ. ಈ ಲಿಂಕ್‌ನಲ್ಲಿ 512 ಪ್ಯಾಕೆಟ್ ತುಂಬಿದ್ದರೂ ವಿಳಂಬ 6 ಮಿಲಿಸೆಕೆಂಡ್ ಮಾತ್ರ, ನಾಲ್ಕು ಪಟ್ಟು ಮಾಡಿದರೂ 25. ಇಷ್ಟು ಸಹಿಸಬಹುದು, ನೂರು ಸಂಪರ್ಕಗಳ ಮೇಲಿನ ಉದಾಹರಣೆಯ ನಷ್ಟ ಅದರಿಂದ ಪೂರ್ತಿ ನಿಲ್ಲುತ್ತದೆ. ಆದರೆ 10 ಮಿಲಿಸೆಕೆಂಡಿನ ನಿರಂತರ ಸುರಿತಕ್ಕೆ ಅದೂ ಸಾಲದು, ಅಲ್ಲಿ ಬೇಕಾಗುವುದು ಸರ್ವರ್‌ನಲ್ಲೇ ವೇಗವನ್ನು ಹದಗೊಳಿಸುವುದು. ಲಿನಕ್ಸ್‌ನಲ್ಲಿ ಎಫ್‌ಕ್ಯೂ ಎಂಬ ವ್ಯವಸ್ಥೆ ಪ್ಯಾಕೆಟ್‌ಗಳನ್ನು ಒಟ್ಟಿಗೆ ಎಸೆಯದೆ ಅಂತರವಿಟ್ಟು ಕಳಿಸುತ್ತದೆ. ಅದೇ 512ರ ಬಫರನ್ನು 2 ಎಂಬಿಪಿಎಸ್ ಲೈನ್‌ಗೆ ಜೋಡಿಸಿದರೆ ವಿಳಂಬ ಮೂರು ಸೆಕೆಂಡ್ ದಾಟುತ್ತದೆ, ಹಾಗಾಗಿ ಒಂದು ಪೋರ್ಟ್‌ಗೆ ಸರಿಹೋದ ಸಂಖ್ಯೆಯನ್ನು ಎಲ್ಲ ಕಡೆ ನಕಲು ಮಾಡಬೇಡಿ.

ಧ್ವನಿ ಕರೆಗಳಿಗೆ ಇಷ್ಟೆಲ್ಲ ಮುಗಿಯುವವರೆಗೆ ಕಾಯಬೇಕಿಲ್ಲ. ಒಂದು ಕರೆ ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೊಂದು ಪ್ಯಾಕೆಟ್ ಕಳಿಸುತ್ತದೆ. 10 ಮಿಲಿಸೆಕೆಂಡಿನ ಸುರಿತವೊಂದು ಅದರ ಒಂದು ಪ್ಯಾಕೆಟ್‌ಗಿಂತ ಹೆಚ್ಚನ್ನು ಬೀಳಿಸಲಾರದು, ಒಂದೇ ಬಿದ್ದರೆ ಫೋನ್‌ಗಳು ಅದನ್ನು ಮುಚ್ಚಿಹಾಕುತ್ತವೆ. ನಿಮ್ಮಲ್ಲಿ ಧ್ವನಿ ಕಿವಿಗೆ ತಿಳಿಯುವಂತೆ ತುಂಡಾಗುತ್ತಿದೆ ಎಂದರೆ ಸುರಿತಗಳು ಒಂದರ ಹಿಂದೆ ಒಂದು ಬರುತ್ತಿವೆ ಎಂದೇ ಅರ್ಥ. ಧ್ವನಿಗೆ ಪ್ರತ್ಯೇಕ ಆದ್ಯತೆಯ ಸರತಿ ಕೊಟ್ಟರೆ ಅದು ಕಾಯಬೇಕಾದದ್ದು ಹೆಚ್ಚೆಂದರೆ ಆಗಲೇ ಹೊರಟಿರುವ ಒಂದು ದೊಡ್ಡ ಪ್ಯಾಕೆಟ್ ಮುಗಿಯುವವರೆಗೆ, ಅಂದರೆ 12 ಮೈಕ್ರೊಸೆಕೆಂಡ್, ಮತ್ತು ತನ್ನಂತೆಯೇ ಇರುವ ಇತರ ಧ್ವನಿ ಪ್ಯಾಕೆಟ್‌ಗಳಿಗಾಗಿ. ಆದ್ಯತೆಯ ಸರತಿಯ ಬಫರ್ ಸ್ಥಳವೂ ಪ್ರತ್ಯೇಕವಾಗಿ ಮೀಸಲಾಗಿದೆಯೇ ಎಂಬುದನ್ನು ಮಾತ್ರ ಸ್ವಿಚ್‌ನ ಸೆಟ್ಟಿಂಗ್‌ನಲ್ಲಿ ಖಚಿತಪಡಿಸಿಕೊಳ್ಳಿ. ಎಲ್ಲ ಸರತಿಗಳೂ ಒಂದೇ ಬಫರ್ ಹಂಚಿಕೊಂಡಿದ್ದರೆ ಸುರಿತ ಅದನ್ನು ತುಂಬಿಕೊಂಡ ಹೊತ್ತಿನಲ್ಲಿ ಧ್ವನಿ ಪ್ಯಾಕೆಟ್‌ಗೆ ಒಳಗೆ ಕಾಲಿಡಲೂ ಜಾಗವಿರುವುದಿಲ್ಲ.